ಓಡುವ ದೇಹ, ನಿಲ್ಲುವ ಹಕ್ಕು: ಜಿಮ್ ಬ್ರೌನ್‌ನನ್ನು ಓದುವ ಬಗೆ

1

ದಲಿತ ವಿಮರ್ಶೆಯ ವಿಶೇಷ ಸಂಚಿಕೆಯಲ್ಲಿ ಅಮೆರಿಕದ ಆಟಗಾರನೊಬ್ಬನ ಮಾತು ಯಾಕೆ ಅಂತ ಕೆಲವು ಗೆಳೆಯರು ಹುಬ್ಬೇರಿಸಬಹುದು. ನಮ್ಮದೇ ಪಠ್ಯಗಳ ರಾಶಿ ಕಣ್ಣೆದುರು ಬಿದ್ದಿದೆ, ಅವನ್ನೇ ಇನ್ನೂ ನೆಟ್ಟಗೆ ಓದಿಲ್ಲ ಅನ್ನೋದು ನಿಜ. ಆದರೆ ಪಠ್ಯ ಅಂದರೆ ಬರೆದದ್ದು ಮಾತ್ರ ಅಂತ ನಮಗೆ ಹೇಳಿಕೊಟ್ಟವರು ಯಾರು? ಅಕ್ಷರವನ್ನೇ ನಿರಾಕರಿಸಲಾಗಿದ್ದ ಸಮುದಾಯಗಳು ತಮ್ಮ ಚರಿತ್ರೆಯನ್ನು ಬಹುಮಟ್ಟಿಗೆ ಮೈಯಲ್ಲೇ ಬರೆದಿಟ್ಟುಕೊಂಡಿವೆ. ತಮಟೆ ಬಡಿದು ಜಡ್ಡುಗಟ್ಟಿದ ಕೈ, ಸತ್ತ ದನ ಹೊತ್ತು ಬಾಗಿದ ಬೆನ್ನು ಕೂಡ ಓದಬೇಕಾದ ಪಠ್ಯಗಳೇ. ಅಮೆರಿಕದ ಕಪ್ಪು ಜನರ ಮಟ್ಟಿಗೆ ಆಟದ ಮೈದಾನ ಅಂಥದ್ದೊಂದು ಪಠ್ಯ.

ನಮಗೂ ಅವರಿಗೂ ಇರುವ ನಂಟು ಹೊಸದೇನಲ್ಲ. 1946ರಲ್ಲಿ ಬಾಬಾಸಾಹೇಬರು ಕಪ್ಪು ಚಿಂತಕ ಡು ಬಾಯ್ಸ್‌ಗೆ ಕಾಗದ ಬರೆದಿದ್ದರು. 1972ರಲ್ಲಿ ಮುಂಬಯಿಯ ಹುಡುಗರು ತಮ್ಮ ಸಂಘಟನೆಗೆ ದಲಿತ ಪ್ಯಾಂಥರ್ ಅಂತ ಹೆಸರಿಟ್ಟಾಗ ಕಣ್ಣ ಮುಂದಿದ್ದುದು ಅಮೆರಿಕದ ಬ್ಲ್ಯಾಕ್ ಪ್ಯಾಂಥರ್. ಅಲ್ಲಿಂದ ನಾವು ಕವಿತೆ ತಂದೆವು, ಘೋಷಣೆ ತಂದೆವು. ಅಲ್ಲಿನ ಮೈದಾನವನ್ನು ಮಾತ್ರ ಓದಲಿಲ್ಲ. ಯಾರು ಓಡುತ್ತಾರೆ, ಯಾರು ಓಡಿಸುತ್ತಾರೆ, ಓಟ ಯಾವಾಗ ನಿಲ್ಲಬೇಕು ಅಂತ ತೀರ್ಮಾನ ಮಾಡುವವರು ಯಾರು? ಈ ಪ್ರಶ್ನೆಗಳನ್ನು ಇಟ್ಟುಕೊಂಡು ಜಿಮ್ ಬ್ರೌನ್ ಎಂಬ ಆಟಗಾರನ ವೃತ್ತಿಬದುಕನ್ನು ನೋಡುವ ಪ್ರಯತ್ನ ಇದು.

ಮೊದಲು ಆಟದ ಬಗ್ಗೆ ಎರಡು ಮಾತು. ಅಮೆರಿಕನ್ ಫುಟ್‌ಬಾಲ್ ಅಂದರೆ ನಮ್ಮ ಹುಡುಗರು ಆಡುವ ಫುಟ್‌ಬಾಲ್ ಅಲ್ಲ. ಅದರಲ್ಲಿ ಕಾಲಿಗಿಂತ ಕೈ ಹೆಚ್ಚು, ಕೈಗಿಂತ ಮೈ ಹೆಚ್ಚು. ಹನ್ನೊಂದು ಹನ್ನೊಂದು ಜನರ ಎರಡು ತಂಡ. ಚೆಂಡು ಹಿಡಿದ ತಂಡಕ್ಕೆ ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಚೆಂಡನ್ನು ಯಾರಿಗೆ ಕೊಡಬೇಕು ಅಂತ ನೋಡಿ ಹಂಚುವವನು ಕ್ವಾರ್ಟರ್‌ಬ್ಯಾಕ್. ಅವನ ಕೈಯಿಂದ ಚೆಂಡು ಇಸ್ಕೊಂಡು, ಎದುರು ನಿಂತ ಮನುಷ್ಯರ ಗೋಡೆಯೊಳಗೆ ನುಗ್ಗುವವನು ರನ್ನಿಂಗ್ ಬ್ಯಾಕ್. ಕಬಡ್ಡಿ ಆಡಿದವರಿಗೆ ಇದು ಬೇಗ ಅರ್ಥವಾಗುತ್ತೆ. ರೈಡಿಗೆ ಹೋದ ಒಬ್ಬನ ಮೇಲೆ ಎಲ್ಲರೂ ಮುಗಿಬೀಳುತ್ತಾರಲ್ಲ, ಹಾಗೆ. ಇಲ್ಲಿ ಬೀಳುವವರು ನೂರು ಕೆ.ಜಿ.ಗೂ ಮೀರಿದ ಆಳುಗಳು. ಒಂದು ಪಂದ್ಯದಲ್ಲಿ ಇದು ಇಪ್ಪತ್ತು ಸಲ ನಡೆಯುತ್ತೆ.

ಬ್ರೌನ್ 1957ರಿಂದ 1965ರವರೆಗೆ ಒಂಬತ್ತು ಋತು ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡಕ್ಕೆ ಆಡಿದ. 118 ಪಂದ್ಯ, ಒಂದನ್ನೂ ತಪ್ಪಿಸಲಿಲ್ಲ. 2,359 ಸಲ ಚೆಂಡು ಹಿಡಿದು ನುಗ್ಗಿ 12,312 ಗಜ ಓಡಿದ. ಒಂಬತ್ತರಲ್ಲಿ ಎಂಟು ವರ್ಷ ಇಡೀ ಲೀಗಿನಲ್ಲಿ ಅತಿ ಹೆಚ್ಚು ಓಡಿದವನು ಅವನೇ. ಅವನ ಒಟ್ಟು ಗಜಗಳ ಲೆಕ್ಕವನ್ನು 1984ರಲ್ಲಿ ವಾಲ್ಟರ್ ಪೇಟನ್ ದಾಟಿದ, ಆಮೇಲೆ ಬೇರೆಯವರೂ ದಾಟಿದರು. ಆದರೆ ಪಂದ್ಯವೊಂದಕ್ಕೆ ಸರಾಸರಿ ನೂರು ಗಜಕ್ಕೂ ಹೆಚ್ಚು ಓಡಿ ವೃತ್ತಿ ಮುಗಿಸಿದವನು ಇವತ್ತಿಗೂ ಅವನೊಬ್ಬನೇ.

ಈ ಅಂಕಿಗಳಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಸಣ್ಣ ಸಂಗತಿ. ಪ್ರತಿ ಸಲ ಕೆಡವಿ ಬೀಳಿಸಿದ ಮೇಲೆ ಬ್ರೌನ್ ನಿಧಾನವಾಗಿ ಏಳುತ್ತಿದ್ದ. ಮೈ ಮುರಿದವನ ಹಾಗೆ, ವಯಸ್ಸಾದವನ ಹಾಗೆ ಎದ್ದು, ಕಾಲೆಳೆದುಕೊಂಡು ತನ್ನವರ ಹತ್ತಿರ ಹೋಗುತ್ತಿದ್ದ. ಆಯ್ತು ಇವನ ಕತೆ ಅಂತ ಎದುರಾಳಿಗಳು ಅಂದುಕೊಳ್ಳುವಷ್ಟರಲ್ಲಿ ಮುಂದಿನ ಸಲ ಅದೇ ವೇಗದಲ್ಲಿ ನುಗ್ಗುತ್ತಿದ್ದ. ನಿಜವಾಗಿ ನೋವಾದಾಗಲೂ ಹಾಗೇ ಏಳುತ್ತಿದ್ದ, ನೋವಾಗದಿದ್ದಾಗಲೂ ಹಾಗೇ ಏಳುತ್ತಿದ್ದ. ಹೀಗಾಗಿ ಅವನಿಗೆ ನೋವಾಗಿದೆಯೋ ಇಲ್ಲವೋ ಎಂಬುದು ಹೊಡೆದವನಿಗೆ ಗೊತ್ತಾಗುತ್ತಲೇ ಇರಲಿಲ್ಲ.

ಇದನ್ನು ಆಟದ ಚಾಲಾಕಿತನ ಅಂತ ಕ್ರೀಡಾ ಬರಹಗಾರರು ಹೊಗಳಿದ್ದಾರೆ. ದಲಿತ ವಿಮರ್ಶೆಯ ಕಣ್ಣಿಗೆ ಅದರಲ್ಲಿ ಇನ್ನೂ ಏನೋ ಕಾಣಬೇಕು. ನಮ್ಮ ನೋವನ್ನು ನೋಡುವ ಹಕ್ಕು ತಮಗಿದೆ ಅಂತ ಹೊಡೆದವರು ಯಾವಾಗಲೂ ನಂಬಿಕೊಂಡಿರುತ್ತಾರೆ. ನಮ್ಮ ಸಾಹಿತ್ಯದ ಬಗ್ಗೆ ಮೇಲ್ಜಾತಿ ವಿಮರ್ಶೆ ಆಡಿದ ಮೆಚ್ಚುಗೆಯ ಮಾತುಗಳನ್ನು ಒಂದು ಕಡೆ ಗುಡ್ಡೆ ಹಾಕಿ ನೋಡಿ. ನೋವು, ಹಸಿವು, ಅವಮಾನ ಎಷ್ಟು 'ಅಧಿಕೃತ'ವಾಗಿ ಬಂದಿದೆ ಎಂಬ ಅಳತೆಯೇ ಅದರಲ್ಲಿ ಎದ್ದು ಕಾಣುತ್ತೆ. ಗಾಯ ತೋರಿಸು, ಆಮೇಲೆ ನಿನ್ನನ್ನು ಲೇಖಕ ಅಂತ ಒಪ್ಪುತ್ತೇವೆ ಅನ್ನೋ ಒಪ್ಪಂದ ಇದು. ಬ್ರೌನ್ ತನ್ನ ಗಾಯದ ಲೆಕ್ಕವನ್ನು ಯಾರಿಗೂ ಒಪ್ಪಿಸಲಿಲ್ಲ. ಇಲ್ಲಿಂದ ನಮ್ಮ ಓದು ಶುರುವಾಗಬೇಕು.

2

ಬ್ರೌನ್ ಹುಟ್ಟಿದ್ದು 1936ರ ಫೆಬ್ರವರಿಯಲ್ಲಿ, ಜಾರ್ಜಿಯಾ ರಾಜ್ಯದ ಸೇಂಟ್ ಸೈಮನ್ಸ್ ದ್ವೀಪದಲ್ಲಿ. ಗುಲಾಮರ ದುಡಿಮೆಯಿಂದ ಹತ್ತಿ ಬೆಳೆದ ನೆಲ ಅದು. 1803ರಲ್ಲಿ ಆಫ್ರಿಕದಿಂದ ಹಿಡಿದು ತಂದ ಇಗ್ಬೋ ಜನರು ಗುಲಾಮಗಿರಿ ಒಲ್ಲೆವೆಂದು ಇದೇ ದ್ವೀಪದ ಹಿನ್ನೀರಿಗೆ ಇಳಿದುಹೋದರು. ದುಡಿಯಲಾರೆ ಅನ್ನುವುದಕ್ಕೆ ಸಾವೊಂದೇ ದಾರಿಯಾಗಿದ್ದ ಕಾಲದ ನೆನಪು ಅದು. ಆ ಜಾಗಕ್ಕೆ ಇವತ್ತಿಗೂ ಅವರದೇ ಹೆಸರಿದೆ.

ಅಪ್ಪ ಬಿಟ್ಟುಹೋದ. ಅಮ್ಮ ಉತ್ತರಕ್ಕೆ ಹೋಗಿ ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಬಿಳಿಯರ ಮನೆಗೆಲಸಕ್ಕೆ ಸೇರಿದಳು. ಮಗು ಮುತ್ತಜ್ಜಿಯ ಮಡಿಲಲ್ಲಿ ಬೆಳೆಯಿತು. ಎಂಟು ವರ್ಷದವನಾದಾಗ ಅಮ್ಮ ಕರೆಸಿಕೊಂಡಳು. ಮ್ಯಾನ್‌ಹ್ಯಾಸೆಟ್ ಎಂಬ ಅನುಕೂಲಸ್ಥರ ಊರಿನ ಶಾಲೆಯಲ್ಲಿ ಹುಡುಗ ಆಡದ ಆಟವಿರಲಿಲ್ಲ.

ಸಿರಾಕ್ಯೂಸ್ ವಿಶ್ವವಿದ್ಯಾಲಯಕ್ಕೆ ಸೇರಿದಾಗ ಮೊದಲ ವರ್ಷ ಅವನಿಗೆ ಕ್ರೀಡಾ ವಿದ್ಯಾರ್ಥಿವೇತನ ಸಿಕ್ಕಿರಲಿಲ್ಲ. ಊರಿನ ಬಿಳಿಯ ವಕೀಲನೊಬ್ಬ ತನ್ನ ಪರಿಚಯದವರಿಂದ ದುಡ್ಡು ಕೂಡಿಸಿ ಫೀಸು ಕಟ್ಟಿದ. ಈ ಸಂಗತಿ ಹುಡುಗನಿಗೆ ಆಗ ಗೊತ್ತಿರಲಿಲ್ಲ. ತನಗೂ ಎಲ್ಲರ ಹಾಗೆ ವಿದ್ಯಾರ್ಥಿವೇತನ ಬಂದಿದೆ ಅಂದುಕೊಂಡಿದ್ದ. ಆ ವಕೀಲನ ಒಳ್ಳೆಯತನವನ್ನು ಹಗುರ ಮಾಡುವ ಉದ್ದೇಶ ನನಗಿಲ್ಲ. ಆದರೆ ಹಕ್ಕಾಗಿ ಬರಬೇಕಾದದ್ದು ದಾನವಾಗಿ ಬಂದಾಗ ಏನಾಗುತ್ತೆ ಅನ್ನೋದು ಹಾಸ್ಟೆಲಿನಲ್ಲಿ ಓದಿದ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ತರಬೇತುದಾರರು ಇನ್ನೊಂದು ಪಾಠ ಹೇಳಿದರು. ಅವನಿಗಿಂತ ಮುಂಚೆ ಅಲ್ಲಿ ಆಡಿದ್ದ ಕಪ್ಪು ಆಟಗಾರನೊಬ್ಬನ ಹೆಸರು ಹೇಳಿ, ಅವನ ಹಾಗೆ ಆಗಬೇಡ ಅಂದರು. ಆ ಆಟಗಾರ ತಲೆಯೆತ್ತಿ ನಡೆದಿದ್ದ, ಬಿಳಿಯ ಹುಡುಗಿಯರ ಜೊತೆ ಓಡಾಡಿದ್ದ. ಅದೇ ಅವನ ಅಪರಾಧ. ಒಬ್ಬ 'ಒಳ್ಳೆಯ' ದಲಿತನನ್ನು ತೋರಿಸಿ ಇನ್ನೊಬ್ಬನನ್ನು ತಿದ್ದುವುದು, ಒಬ್ಬ 'ಕೆಟ್ಟ' ದಲಿತನನ್ನು ತೋರಿಸಿ ಹೊಸಬನನ್ನು ಹೆದರಿಸುವುದು ಯಜಮಾನಿಕೆಯ ಹಳೆಯ ವರಸೆ.

1956ರಲ್ಲಿ ಕೋಲ್ಗೇಟ್ ಕಾಲೇಜಿನ ವಿರುದ್ಧ ಒಂದೇ ಪಂದ್ಯದಲ್ಲಿ ಬ್ರೌನ್ 43 ಪಾಯಿಂಟ್ ಗಳಿಸಿದ. ಆ ವರ್ಷ ಕಾಲೇಜು ಫುಟ್‌ಬಾಲಿನ ಅತಿ ದೊಡ್ಡ ಪ್ರಶಸ್ತಿಯಾದ ಹೈಸ್ಮನ್ ಟ್ರೋಫಿಯ ಮತದಾನದಲ್ಲಿ ಅವನಿಗೆ ಬಂದದ್ದು ಐದನೇ ಸ್ಥಾನ. ಟ್ರೋಫಿ ಹೋದದ್ದು ನಾಟರ್ ಡೇಮ್ ಕಾಲೇಜಿನ ಪಾಲ್ ಹಾರ್ನಂಗ್‌ಗೆ. ಆ ತಂಡ ಆ ವರ್ಷ ಹತ್ತರಲ್ಲಿ ಎರಡೇ ಪಂದ್ಯ ಗೆದ್ದಿತ್ತು. ಮೆರಿಟ್ ಮೆರಿಟ್ ಅಂತ ಕೂಗುವವರು ಈ ಲೆಕ್ಕವನ್ನು ಒಮ್ಮೆ ಕೂಡಿಸಿ ಕಳೆದು ನೋಡಲಿ. ಆ ಟ್ರೋಫಿ ಕಪ್ಪು ಆಟಗಾರನೊಬ್ಬನ ಕೈಗೆ ಮೊದಲು ಬಂದದ್ದು 1961ರಲ್ಲಿ. ಗೆದ್ದವನು ಸಿರಾಕ್ಯೂಸಿನಲ್ಲಿ ಬ್ರೌನ್ ತೊಟ್ಟಿದ್ದ 44ನೇ ನಂಬರಿನ ಅಂಗಿಯನ್ನೇ ತೊಟ್ಟು ಆಡಿದ ಅರ್ನಿ ಡೇವಿಸ್.

3

ಬ್ರೌನ್ ಹುಟ್ಟಿದ 1936ರಲ್ಲೇ 'ಜಾತಿ ವಿನಾಶ' ಅಚ್ಚಾಯಿತು. ಇದು ಬರೀ ಕಾಕತಾಳೀಯ, ಇದಕ್ಕೆ ಹೆಚ್ಚಿನ ಅರ್ಥ ಕಟ್ಟಬೇಕಾಗಿಲ್ಲ. ಆದರೆ ಆ ಪುಸ್ತಕದ ಒಂದು ವಾದ ಇಲ್ಲಿ ಕೈದೀವಿಗೆಯ ಹಾಗೆ ಒದಗುತ್ತೆ. ಜಾತಿಯನ್ನು ಬರೀ ಕೆಲಸದ ವಿಭಜನೆ ಅಂತ ಸಮರ್ಥಿಸುವವರಿಗೆ ಅಂಬೇಡ್ಕರ್ ಹೇಳಿದ್ದು ಇದು: ಅದು ಕೆಲಸ ಮಾಡುವ ಮನುಷ್ಯರನ್ನೇ ವಿಭಜಿಸಿ ಮೇಲುಕೀಳಾಗಿ ಜೋಡಿಸುತ್ತೆ. ಫುಟ್‌ಬಾಲ್ ಮೈದಾನದ ಮೇಲೆ ಈ ಬೆಳಕು ಹಾಯಿಸಿ ನೋಡಿದರೆ ಏನು ಕಾಣುತ್ತೆ?

1934ರಿಂದ 1945ರವರೆಗೆ ಅಮೆರಿಕದ ವೃತ್ತಿಪರ ಲೀಗಿನಲ್ಲಿ ಒಬ್ಬನೇ ಒಬ್ಬ ಕಪ್ಪು ಆಟಗಾರ ಇರಲಿಲ್ಲ. ನಿಯಮ ಅಂತ ಎಲ್ಲೂ ಬರೆದಿರಲಿಲ್ಲ. ದೇವಸ್ಥಾನದ ಬಾಗಿಲಲ್ಲಿ ಬೋರ್ಡು ಹಾಕದೆಯೂ ನಮ್ಮನ್ನು ಹೊರಗಿಡುವುದು ಹೇಗೆ ಅಂತ ಬಲ್ಲವರಿಗೆ ಇದು ಹೊಸದಲ್ಲ. 1946ರ ನಂತರ ಬಾಗಿಲು ಸ್ವಲ್ಪ ಸ್ವಲ್ಪವೇ ತೆರೆಯಿತು. ವಾಷಿಂಗ್ಟನ್ ತಂಡದ ಮಾಲೀಕ ಜಾರ್ಜ್ ಪ್ರೆಸ್ಟನ್ ಮಾರ್ಷಲ್ ಅಂತೂ 1962ರವರೆಗೆ ಕಪ್ಪು ಆಟಗಾರರನ್ನು ಸೇರಿಸಿಕೊಳ್ಳಲಿಲ್ಲ. ಸ್ಟೇಡಿಯಂ ಇರುವುದು ಸರ್ಕಾರದ ಜಾಗದಲ್ಲಿ, ಸೇರಿಸಿಕೊಳ್ಳದಿದ್ದರೆ ಅಲ್ಲಿ ಆಡುವಂತಿಲ್ಲ ಅಂತ ಕೆನಡಿ ಸರ್ಕಾರ ಪಟ್ಟು ಹಿಡಿದ ಮೇಲೆ ಬ್ರೌನ್‌ನ ಜೊತೆಗಾರ ಬಾಬಿ ಮಿಚೆಲ್‌ನನ್ನು ಕ್ಲೀವ್‌ಲ್ಯಾಂಡಿನಿಂದ ತರಿಸಿಕೊಂಡ. ಮನಪರಿವರ್ತನೆಗೆ ಕಾಯುತ್ತ ಕೂತಿದ್ದರೆ ಏನಾಗುತ್ತಿತ್ತೋ.

ಬಾಗಿಲು ತೆರೆದ ಮೇಲೆ ಒಳಗಿನ ಕತೆ ಶುರುವಾಗುತ್ತೆ. ಕಪ್ಪು ಆಟಗಾರರಿಗೆ ಸಿಕ್ಕಿದ್ದು ಓಡುವ, ಬೆನ್ನಟ್ಟುವ, ಡಿಕ್ಕಿ ಹೊಡೆಯುವ ಜಾಗಗಳು. ಯೋಚಿಸಿ ತೀರ್ಮಾನ ಮಾಡಬೇಕಾದ ಕ್ವಾರ್ಟರ್‌ಬ್ಯಾಕ್ ಜಾಗ ದಶಕಗಳ ಕಾಲ ಹೆಚ್ಚುಕಮ್ಮಿ ಬಿಳಿಯರ ಮೀಸಲು. ಅದೂ ಮೀಸಲಾತಿಯೇ ತಾನೆ? ಆದರೆ ಅದನ್ನು ಯಾರೂ ಆ ಹೆಸರಿಂದ ಕರೆಯಲಿಲ್ಲ. ಒಂದು ಕಡೆ ಮಿದುಳು, ಇನ್ನೊಂದು ಕಡೆ ಸ್ನಾಯು. ಪುರುಷಸೂಕ್ತದ ತಲೆ, ತೋಳು, ತೊಡೆ, ಪಾದಗಳ ಕಲ್ಪನೆಯನ್ನು ಅರಗಿಸಿಕೊಂಡ ದೇಶದವರಿಗೆ ಈ ಮೈದಾನ ತೀರಾ ಪರಿಚಿತ ಅನ್ನಿಸಬೇಕು.

ಧಾರವಾಡದಲ್ಲಿ ಹುಟ್ಟಿದ ಪಳವಣಕರ್ ಬಾಳೂ ಇಲ್ಲಿ ನೆನಪಾಗುತ್ತಾರೆ. ಚಮ್ಮಾರ ಜಾತಿಯ ಈ ಸ್ಪಿನ್ ಬೌಲರ್ ಪುಣೆಯ ಬಿಳಿಯರ ಜಿಮಖಾನಾದಲ್ಲಿ ಪಿಚ್ ಸರಿಪಡಿಸುವ ಕೆಲಸಕ್ಕಿದ್ದವರು. ಸಾಹೇಬರಿಗೆ ಅಭ್ಯಾಸವಾಗಲಿ ಅಂತ ನೆಟ್‌ನಲ್ಲಿ ಗಂಟೆಗಟ್ಟಲೆ ಬೌಲ್ ಮಾಡಿಸಿದರು, ಬ್ಯಾಟ್ ಮಾತ್ರ ಕೈಗೆ ಕೊಡಲಿಲ್ಲ. ಮುಂದೆ ಹಿಂದೂಗಳ ತಂಡಕ್ಕೆ ಆಡುವಾಗ ಮೈದಾನದಲ್ಲಿ ಅದೇ ಚೆಂಡನ್ನು ಎಲ್ಲರೂ ಮುಟ್ಟಿದರು, ಚಹಾ ಮಾತ್ರ ಪೆವಿಲಿಯನ್ನಿನ ಹೊರಗೆ ಮಣ್ಣಿನ ಲೋಟದಲ್ಲಿ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ಕಿತ್ತರು. ಆದರೂ ಹಿಂದೂ ತಂಡದ ನಾಯಕತ್ವ ಬಾಳೂ ಅವರಿಗೆ ಕೊನೆಗೂ ಸಿಗಲಿಲ್ಲ. 1923ರಲ್ಲಿ ತಮ್ಮ ವಿಠಲನಿಗೆ ಸಿಕ್ಕಿತು. ಬೌಲ್ ಮಾಡು ಆದರೆ ಮುನ್ನಡೆಸಬೇಡ. ಓಡು ಆದರೆ ಯೋಚಿಸಬೇಡ. ಸಾಗರದ ಎರಡು ದಡದಲ್ಲೂ ಒಂದೇ ವಾಕ್ಯ.

ಕ್ಲೀವ್‌ಲ್ಯಾಂಡ್ ತಂಡದ ಕೋಚ್ ಪಾಲ್ ಬ್ರೌನ್ ಈ ವಾಕ್ಯವನ್ನು ಕರಾರುವಾಕ್ಕಾದ ಪದ್ಧತಿಯನ್ನೇ ಮಾಡಿದ್ದ. ತಂಡಕ್ಕೆ ಅವನದೇ ಹೆಸರು. ಕಪ್ಪು ಆಟಗಾರರನ್ನು ಇತರರಿಗಿಂತ ಮೊದಲು ಸೇರಿಸಿಕೊಂಡವನು ಅನ್ನೋ ಶ್ರೇಯಸ್ಸು ಅವನಿಗೆ ಸಲ್ಲಬೇಕು. ಆದರೆ ಪ್ರತಿ ಚೆಂಡಿಗೂ ಏನು ಮಾಡಬೇಕು ಅಂತ ಗೆರೆಯಾಚೆ ನಿಂತ ಅವನೇ ತೀರ್ಮಾನಿಸಿ, ಆಟಗಾರನೊಬ್ಬನ ಕೈಲಿ ಹೇಳಿ ಕಳಿಸುತ್ತಿದ್ದ. ಅವನ ಕೈಕೆಳಗೆ ಬಿಳಿಯ ಕ್ವಾರ್ಟರ್‌ಬ್ಯಾಕ್ ಕೂಡ ಆಜ್ಞೆ ಪಾಲಿಸುವ ಆಳೇ. ಇದಕ್ಕೆ ಆಟಗಾರರು ತಿರುಗಿಬಿದ್ದರು, ಜಿಮ್ ಬ್ರೌನ್ ಮುಂದಾಳಾಗಿದ್ದ. 1963ರ ಜನವರಿಯಲ್ಲಿ ಮಾಲೀಕ ಆರ್ಟ್ ಮಾಡೆಲ್ ಕೋಚನ್ನು ತೆಗೆದ. ಹೊಸ ಕೋಚ್ ಬ್ಲಾಂಟನ್ ಕಾಲಿಯರ್ ಕೈಕೆಳಗೆ ಆಟಗಾರರಿಗೆ ಉಸಿರಾಡಲು ಜಾಗ ಸಿಕ್ಕಿತು. ಆ ವರ್ಷ ಬ್ರೌನ್ 14 ಪಂದ್ಯಗಳಲ್ಲಿ 1,863 ಗಜ ಓಡಿದ. ಅವನ ಇಡೀ ವೃತ್ತಿಯಲ್ಲಿ ಅತಿ ದೊಡ್ಡ ಮೊತ್ತ ಅದು. ಮರುವರ್ಷ ತಂಡ ಬಾಲ್ಟಿಮೋರನ್ನು 27-0ಯಿಂದ ಸೋಲಿಸಿ ಚಾಂಪಿಯನ್ ಆಯಿತು. ಎದುರಿನ ಗೋಡೆಯಲ್ಲಿ ಬಿರುಕು ಎಲ್ಲಿ ಮೂಡುತ್ತೆ ಅಂತ ಕ್ಷಣಾರ್ಧದಲ್ಲಿ ಓದಿ ಕಾಲು ತಿರುಗಿಸುವವನದು ಬರೀ ಸ್ನಾಯು ಅಲ್ಲ. ಅದು ಮೈಯಲ್ಲಿ ನಡೆಯುವ ಚಿಂತನೆ. ಮಡಕೆ ಮಾಡುವವರ, ಚರ್ಮ ಹದ ಮಾಡುವವರ ಕೈಯಲ್ಲೂ ಇರುವ ಚಿಂತನೆ. ಅದನ್ನು ಚಿಂತನೆ ಅಂತ ಒಪ್ಪದೆ 'ಹುಟ್ಟುಗುಣ', 'ರಕ್ತದಲ್ಲಿ ಬಂದದ್ದು' ಅನ್ನುವುದೇ ಜಾತಿಯ ಭಾಷೆ.

4

1966ರ ಜುಲೈ. ಬ್ರೌನ್‌ಗೆ ಮೂವತ್ತು ವರ್ಷ. ಹಿಂದಿನ ಋತುವಿನಲ್ಲಿ 1,544 ಗಜ ಓಡಿ, ಲೀಗಿನ ಅತ್ಯುತ್ತಮ ಆಟಗಾರ ಅನ್ನಿಸಿಕೊಂಡಿದ್ದ. ಇಂಗ್ಲೆಂಡಿನಲ್ಲಿ 'ದಿ ಡರ್ಟಿ ಡಜನ್' ಸಿನಿಮಾದ ಶೂಟಿಂಗ್ ಮಳೆಯಿಂದ ತಡವಾಗಿತ್ತು. ತರಬೇತಿ ಶಿಬಿರಕ್ಕೆ ಬಾರದಿದ್ದರೆ ದಂಡ ಹಾಕುತ್ತೇನೆ ಅಂತ ಮಾಲೀಕ ಮಾಡೆಲ್ ಪತ್ರಿಕೆಗಳ ಮುಂದೆ ಗುಡುಗಿದ. ಬ್ರೌನ್ ಕೂಗಾಡಲಿಲ್ಲ. ಮಾಲೀಕನಿಗೆ ಸಮಾಧಾನದಿಂದಲೇ ಒಂದು ಕಾಗದ ಬರೆದು, ಶೂಟಿಂಗ್ ಜಾಗದಲ್ಲೇ ಪತ್ರಕರ್ತರನ್ನು ಕರೆದು, ಆಟ ಬಿಟ್ಟಿದ್ದೇನೆ ಅಂತ ಹೇಳಿದ. ಅಷ್ಟೇ. ಮುಂದೆ ಒಂದು ಪಂದ್ಯವನ್ನೂ ಆಡಲಿಲ್ಲ.

ಅಮೆರಿಕದ ಕ್ರೀಡಾ ಚರಿತ್ರೆ ಇದನ್ನು 'ಉತ್ತುಂಗದಲ್ಲಿದ್ದಾಗ ಬಿಟ್ಟವನ' ಕತೆಯಾಗಿ ಹೇಳುತ್ತೆ. ಆ ಉತ್ತುಂಗದ ಮಾತು ನಮಗೆ ಬೇಡ, ನಮಗೆ ಮುಖ್ಯವಾದದ್ದು ದಂಡ. ದಂಡ ಅನ್ನೋ ಪದದ ರುಚಿ ನಮ್ಮ ಕೇರಿಗಳಿಗೆ ಗೊತ್ತು. ತಮಟೆ ಬಡಿಯಲ್ಲ ಅಂದರೆ ದಂಡ, ಸತ್ತ ದನ ಎತ್ತಲ್ಲ ಅಂದರೆ ದಂಡ, ಕಟ್ಟದಿದ್ದರೆ ಬಹಿಷ್ಕಾರ. ಯಾಕೆ? ಯಜಮಾನನಿಗೆ ಕೆಲಸ ಕೆಟ್ಟರೆ ಅಷ್ಟು ಸಿಟ್ಟು ಬರಲ್ಲ. ಕೆಲಸ ನಿಲ್ಲಿಸುವ ತೀರ್ಮಾನವನ್ನು ಆಳು ತಾನೇ ಮಾಡಿದ ಅನ್ನೋದಕ್ಕೆ ಬರುತ್ತೆ.

ದಲಿತ ಚಳವಳಿಯ ಚರಿತ್ರೆಯನ್ನು ಪಡೆದದ್ದರ ಚರಿತ್ರೆಯಾಗಿ ಬರೆಯುವುದು ವಾಡಿಕೆ: ನೀರು ಪಡೆದದ್ದು, ಭೂಮಿ ಪಡೆದದ್ದು, ಸೀಟು ಪಡೆದದ್ದು. ಅದನ್ನು ನಿಲ್ಲಿಸಿದ್ದರ ಚರಿತ್ರೆಯಾಗಿಯೂ ಬರೆಯಬೇಕು. 1927ರಲ್ಲಿ ಮಹಾಡ್‌ನಲ್ಲಿ ಕೆರೆಯ ನೀರು ಮುಟ್ಟುವುದರ ಜೊತೆಗೇ ಬಾಬಾಸಾಹೇಬರು ಹೇಳಿದ್ದು ಸತ್ತ ದನದ ಮಾಂಸ ಬಿಡಿ, ಎಂಜಲು ಬಿಡಿ ಅಂತ. ಎಪ್ಪತ್ತು ಎಂಬತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರು ನಮ್ಮ ಹಳ್ಳಿಗಳಲ್ಲಿ ಆಡಿದ್ದೂ ಇದೇ ಮಾತು: ಬಿಟ್ಟಿ ಚಾಕರಿ ಬಿಡ್ರಪ್ಪ. 2016ರ ಜುಲೈಯಲ್ಲಿ ಗುಜರಾತಿನ ಊನಾದಲ್ಲಿ ಚರ್ಮ ಸುಲಿಯುವ ಹುಡುಗರನ್ನು ಕಟ್ಟಿ ಥಳಿಸಿದಾಗ ಅಲ್ಲಿನ ದಲಿತರು ಸತ್ತ ದನಗಳನ್ನು ಸರ್ಕಾರಿ ಕಚೇರಿಯ ಮುಂದೆ ತಂದು ಸುರಿದರು. ನಿಮ್ಮ ತಾಯಿ, ನೀವೇ ಎತ್ತಿ ಅನ್ನೋ ಧ್ವನಿ ಅದರಲ್ಲಿತ್ತು. ಬ್ರೌನ್‌ನ 1966ರ ಕಾಗದವನ್ನು ಈ ಸಾಲಿನಲ್ಲಿಟ್ಟು ಓದಿದರೆ ಅದಕ್ಕೆ ಬೇರೆ ತೂಕ ಬರುತ್ತೆ.

ವ್ಯತ್ಯಾಸವನ್ನು ಮುಚ್ಚಿಡಬಾರದು. ಬ್ರೌನ್ ಕೈಯಲ್ಲಿ ಸಿನಿಮಾ ಇತ್ತು, ದುಡ್ಡಿತ್ತು, ಹೆಸರಿತ್ತು. ನಿಲ್ಲಿಸಿದರೂ ಅವನ ಮನೆಯಲ್ಲಿ ಒಲೆ ಉರಿಯುತ್ತಿತ್ತು. ಕೇರಿಯವನು ನಿಲ್ಲಿಸಿದರೆ ಅಂಗಡಿಯಲ್ಲಿ ಉಪ್ಪೂ ಸಿಗಲ್ಲ. ಒಬ್ಬನೇ ನಿಲ್ಲುವ ಹಕ್ಕು ನಕ್ಷತ್ರಗಳಿಗೆ ಮಾತ್ರ ದಕ್ಕುವಂಥದ್ದು. ಉಳಿದವರು ನಿಲ್ಲಬೇಕಾದರೆ ಎಲ್ಲರೂ ಒಟ್ಟಿಗೆ ನಿಲ್ಲಬೇಕು.

ಆಟ ಬಿಟ್ಟವನಿಗೆ ಸಿನಿಮಾ ಕೊಟ್ಟ ಪಾತ್ರ ಏನು ಗೊತ್ತೇ? ಮರಣದಂಡನೆಗೆ ಗುರಿಯಾದ ಕಪ್ಪು ಸೈನಿಕ. ಕೊನೆಗೆ ಅವನು ನೆಲಮಾಳಿಗೆಯ ಗಾಳಿಕೊಳವೆಗಳಿಗೆ ಗ್ರೆನೇಡ್ ಹಾಕುತ್ತ ಓಡುತ್ತಾನೆ. ಓಡುತ್ತ ಓಡುತ್ತ ಗುಂಡೇಟಿಗೆ ಬಿದ್ದು ಸಾಯುತ್ತಾನೆ. ಮೈದಾನದಲ್ಲಿ ನಿಂತ ಓಟವನ್ನು ಪರದೆಯ ಮೇಲೆ ಓಡಿಸಿ ಮುಗಿಸಿದರು. ಆ ದೇಹದಿಂದ ಬೇರೆ ಏನನ್ನು ಬಯಸಬೇಕು ಅಂತ ಆ ಸಮಾಜಕ್ಕೆ ತಿಳಿದಿರಲಿಲ್ಲ.

5

ಬ್ರೌನ್ ಮಾತ್ರ ಬೇರೆ ಯೋಜನೆ ಹಾಕಿದ್ದ. ಆಟ ಬಿಟ್ಟ ದಿನಗಳಲ್ಲೇ ಕಪ್ಪು ಜನರ ಕೈಗೆ ಬಂಡವಾಳ ಬರಬೇಕು ಅಂತ ನೀಗ್ರೋ ಇಂಡಸ್ಟ್ರಿಯಲ್ ಅಂಡ್ ಎಕನಾಮಿಕ್ ಯೂನಿಯನ್ ಕಟ್ಟಿದ. ಅದೇ 1966ರ ಜುಲೈಯಲ್ಲಿ ಕ್ಲೀವ್‌ಲ್ಯಾಂಡಿನ ಹಫ್ ಎಂಬ ಕಪ್ಪು ಬಡಾವಣೆ ಹೊತ್ತಿ ಉರಿಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಓಕ್‌ಲ್ಯಾಂಡಿನಲ್ಲಿ ಬ್ಲ್ಯಾಕ್ ಪ್ಯಾಂಥರ್ ಹುಟ್ಟಿತು. ಬ್ರೌನ್ ಆ ದಾರಿ ಹಿಡಿಯಲಿಲ್ಲ. ಮೆರವಣಿಗೆಗಿಂತ ಅಂಗಡಿ ಮುಖ್ಯ, ಘೋಷಣೆಗಿಂತ ಗಲ್ಲಾಪೆಟ್ಟಿಗೆ ಮುಖ್ಯ ಅನ್ನೋದು ಅವನ ನಿಲುವು.

ಈ ಸಂಸ್ಥೆಯ ಕ್ಲೀವ್‌ಲ್ಯಾಂಡ್ ಕಚೇರಿಯಲ್ಲೇ 1967ರ ಜೂನ್ 4ರಂದು ಆ ಪ್ರಸಿದ್ಧ ಸಭೆ ನಡೆದದ್ದು. ವಿಯಟ್ನಾಂ ಯುದ್ಧಕ್ಕೆ ಸೇರಲ್ಲ ಅಂದ ಮುಹಮ್ಮದ್ ಅಲಿಯ ಪದವಿಯನ್ನು ಕಿತ್ತುಕೊಂಡಿದ್ದರು. ಬ್ರೌನ್ ಕರೆದ ಸಭೆಗೆ ಬಾಸ್ಕೆಟ್‌ಬಾಲಿನ ಬಿಲ್ ರಸೆಲ್, ಮುಂದೆ ಕರೀಮ್ ಅಬ್ದುಲ್ ಜಬ್ಬಾರ್ ಆದ ಹುಡುಗ ಲೂ ಆಲ್ಸಿಂಡರ್, ಬಾಬಿ ಮಿಚೆಲ್, ಆ ವರ್ಷವೇ ಕ್ಲೀವ್‌ಲ್ಯಾಂಡಿನ ಮೇಯರ್ ಆಗಲಿದ್ದ ಕಾರ್ಲ್ ಸ್ಟೋಕ್ಸ್ ಬಂದರು. ಬಂದವರಲ್ಲಿ ಕೆಲವರು ಸೈನ್ಯದಲ್ಲಿ ಇದ್ದು ಬಂದವರೇ. ಗಂಟೆಗಟ್ಟಲೆ ಅಲಿಯನ್ನು ಪ್ರಶ್ನೆ ಕೇಳಿ ಕೇಳಿ ಕೊನೆಗೆ ಅವನ ಬೆನ್ನಿಗೆ ನಿಂತರು. ಆ ದಿನದ ಚಿತ್ರ ಇವತ್ತು ಪೋಸ್ಟರ್ ಆಗಿದೆ. ಪೋಸ್ಟರಿನಲ್ಲಿ ಕಾಣದ ಸಂಗತಿ ಅಂದರೆ, ಅಲಿಯ ಪಂದ್ಯಗಳ ಪ್ರಸಾರದ ವ್ಯವಹಾರ ನೋಡುತ್ತಿದ್ದ ಕಂಪನಿಯಲ್ಲಿ ಬ್ರೌನ್‌ಗೂ ಪಾಲಿತ್ತು. ಅಲಿ ರಾಜಿಯಾಗಿದ್ದರೆ ಲಾಭವಿತ್ತು. ಆದರೂ ಅಲಿಯ ಮಾತು ಕೇಳಿ ಲಾಭ ಬಿಟ್ಟರು. ಇದನ್ನು ತಿಳಿದ ಮೇಲೆ ಆ ಚಿತ್ರದ ಬೆಲೆ ನನ್ನ ಕಣ್ಣಲ್ಲಿ ಹೆಚ್ಚಾಯಿತು. ದುಡ್ಡಿನ ಸೆಳೆತ ಇಲ್ಲದವರ ನೈತಿಕತೆಗಿಂತ, ಇದ್ದೂ ಮೀರಿದವರ ನೈತಿಕತೆಯಿಂದ ಕಲಿಯುವುದು ಹೆಚ್ಚಿರುತ್ತೆ.

ಆದರೆ ಅಂಗಡಿಯ ದಾರಿ ಕೊನೆಗೆ ಎಲ್ಲಿಗೆ ಹೋಯಿತು? 2017ರಲ್ಲಿ, ಕಪ್ಪು ಜನರ ಮೇಲಿನ ಪೊಲೀಸ್ ಹಿಂಸೆಯ ವಿರುದ್ಧ ರಾಷ್ಟ್ರಗೀತೆಯ ಹೊತ್ತಿನಲ್ಲಿ ಮಂಡಿಯೂರಿದ ಆಟಗಾರ ಕಾಲಿನ್ ಕೆಪರ್ನಿಕ್‌ನ ದಾರಿಯನ್ನು ಬ್ರೌನ್ ಒಪ್ಪಲಿಲ್ಲ. 2018ರಲ್ಲಿ ಟ್ರಂಪ್ ಮೇಜಿನ ಮುಂದೆ ಹೋಗಿ ಕೂತ. ಎಂಬತ್ತೆರಡು ವರ್ಷದ ಮುದುಕನ ದೌರ್ಬಲ್ಯ ಅಂತ ತಳ್ಳಿಹಾಕಿದರೆ ಓದು ಕೆಡುತ್ತೆ. ಅದು 1966ರಲ್ಲಿ ಹಿಡಿದ ದಾರಿಯ ಮುಂದುವರಿಕೆಯೇ. ಸ್ವಂತ ಕಾಲ ಮೇಲೆ ನಿಂತರೆ ಸಾಕು, ಯಾರ ಜೊತೆಗಾದರೂ ವ್ಯವಹಾರ ಮಾಡಬಹುದು ಅನ್ನೋ ನಂಬಿಕೆ ಅದು. 2005ರಲ್ಲಿ ದಲಿತ ಉದ್ಯಮಿಗಳ ವಾಣಿಜ್ಯ ಮಂಡಳಿ ಹುಟ್ಟಿದ ಮೇಲೆ ನಮ್ಮಲ್ಲೂ ದಲಿತ ಬಂಡವಾಳದ ವಾದ ಜೋರಾಗಿದೆ. ದಲಿತ ಉದ್ಯಮಿಯಾಗಬಾರದು ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳಲು ನನಗೇನು ಅಧಿಕಾರ? ಆದರೆ ಮಾಲೀಕನ ಜಾಗದಲ್ಲಿ ನಮ್ಮವನು ಕೂತ ಮಾತ್ರಕ್ಕೆ ಓಡುವವರ ಸ್ಥಿತಿ ಬದಲಾಗುತ್ತೆಯೇ ಎಂಬ ಪ್ರಶ್ನೆಗೆ ಬ್ರೌನ್‌ನ ಬದುಕು ಹೌದು ಅನ್ನೋ ಉತ್ತರ ಕೊಡಲ್ಲ.

6

ಇಷ್ಟು ಬರೆದು ಮುಗಿಸಿಬಿಟ್ಟರೆ ಈ ಲೇಖನ ಸುಳ್ಳಾಗುತ್ತೆ. ಬ್ರೌನ್‌ನ ಮೇಲೆ ಹೆಂಗಸರ ಮೇಲಿನ ಹಲ್ಲೆಯ ಆರೋಪ ಮತ್ತೆ ಮತ್ತೆ ಬಂದಿದೆ. 1965ರ ಪ್ರಕರಣದಲ್ಲಿ ಜ್ಯೂರಿ ಬಿಡುಗಡೆ ಮಾಡಿತು. 1968ರಲ್ಲಿ ಅವನ ಗೆಳತಿ ಅವನ ಮನೆಯ ಬಾಲ್ಕನಿಯ ಕೆಳಗೆ ಗಾಯಗೊಂಡು ಬಿದ್ದಿದ್ದಳು. ತಾನೇ ಬಿದ್ದೆ ಅಂದಳು, ಕೇಸು ನಿಲ್ಲಲಿಲ್ಲ. ಎಂಬತ್ತರ ದಶಕದಲ್ಲೂ ಕೇಸುಗಳು ಎದ್ದವು, ಬಿದ್ದವು. 1999ರಲ್ಲಿ ಹೆಂಡತಿಯ ಕಾರನ್ನು ಸಲಿಕೆಯಿಂದ ಜಜ್ಜಿದ್ದಕ್ಕೆ ಶಿಕ್ಷೆಯಾಯಿತು; ಬೆದರಿಕೆಯ ಆರೋಪ ಸಾಬೀತಾಗಲಿಲ್ಲ. ಆಪ್ತಸಲಹೆಗೆ ಹೋಗಲೊಲ್ಲೆ ಅಂದು 2002ರಲ್ಲಿ ಜೈಲಿಗೆ ಹೋದ. ಹೆಂಗಸರ ಮೇಲೆ ಕೈ ಮಾಡಿದ್ದುಂಟು, ಮಾಡಬಾರದಿತ್ತು ಅಂತ 1989ರ ಆತ್ಮಕಥೆಯಲ್ಲಿ ಅವನೇ ಒಪ್ಪಿಕೊಂಡಿದ್ದಾನೆ.

ಅವನ ಅಭಿಮಾನಿಗಳ ವಾದ ನಮಗೆ ಪರಿಚಿತ. ಕಪ್ಪು ಗಂಡಸನ್ನು ಕ್ರೂರಿ ಅಂತ ಚಿತ್ರಿಸುವುದು ಬಿಳಿಯರ ಹಳೆಯ ಹುನ್ನಾರ, ಪೊಲೀಸರು ಅವನ ಹಿಂದೆ ಬಿದ್ದಿದ್ದರು, ಇತ್ಯಾದಿ. ಅದರಲ್ಲಿ ನಿಜವೂ ಇದೆ. ಬಿಳಿಯ ಹೆಣ್ಣನ್ನು ನೋಡಿದ ಅನ್ನೋ ಮಾತಿಗೇ ಕಪ್ಪು ಹುಡುಗರನ್ನು ಮರಕ್ಕೆ ನೇತುಹಾಕಿದ ದೇಶ ಅದು. ಆದರೆ ಆ ಚರಿತ್ರೆಯನ್ನು ಗುರಾಣಿ ಮಾಡಿಕೊಂಡು ಮನೆಯೊಳಗಿನ ಏಟನ್ನು ಮರೆಸುವುದು ಅದೇ ಯಜಮಾನಿಕೆಯ ಇನ್ನೊಂದು ರೂಪ. 1995ರಲ್ಲಿ ಗೋಪಾಲ್ ಗುರು ದಲಿತ ಹೆಣ್ಣುಮಕ್ಕಳು ಯಾಕೆ ಬೇರೆಯಾಗಿ ಮಾತಾಡುತ್ತಾರೆ ಅಂತ ಬರೆದಾಗ ಬೊಟ್ಟು ಮಾಡಿದ್ದು ನಮ್ಮ ಗಂಡಸರ ಕಡೆಗೂ. ಸಮುದಾಯದ ಮಾನ ಹೋಗುತ್ತೆ ಸುಮ್ಮನಿರು ಅಂತ ಎಷ್ಟು ತಾಯಂದಿರ ಬಾಯಿ ಮುಚ್ಚಿಸಿಲ್ಲ ನಾವು?

ಇಲ್ಲಿ ಅವನ ಆಟಕ್ಕೂ ಈ ಹಿಂಸೆಗೂ ಇರುವ ನಂಟನ್ನು ಎದುರಿಸಲೇಬೇಕು. ನನ್ನ ದೇಹ ನನ್ನದು, ಅದರ ಮೇಲೆ ಯಾರ ಅಪ್ಪಣೆಯೂ ನಡೆಯಲ್ಲ ಅನ್ನೋದು ಬ್ರೌನ್‌ನ ದೊಡ್ಡ ಸಾಧನೆ. ಆ ಸ್ವಾತಂತ್ರ್ಯವನ್ನು ಅವನು ಗಂಡಸುತನ ಅಂತ ಕರೆದುಕೊಂಡ. ಹಾಗೆ ಕರೆದ ಕೂಡಲೇ ಅದಕ್ಕೆ ಅಧೀನಳಾದ ಇನ್ನೊಬ್ಬಳು ಬೇಕಾದಳು. ಒಡೆಯನಿಂದ ಬಿಡಿಸಿಕೊಂಡವನು ಒಡೆತನವನ್ನೇ ಬಿಡಬೇಕೆಂದು ಕಲಿಯಲಿಲ್ಲ. ಅಮ್ಮ ಬೇರೆಯವರ ಮನೆ ಕಸ ಗುಡಿಸಿ ಸಾಕಿದ ಮಗ ಅವನು. ನಿಲ್ಲುವ ಹಕ್ಕು ಆ ಅಮ್ಮನಿಗೆ ಯಾವತ್ತಾದರೂ ಇತ್ತೇ ಅಂತ ಅವನ ಚರಿತ್ರೆಕಾರರು ಕೇಳುವುದು ಕಡಿಮೆ. ದಲಿತ ವಿಮರ್ಶೆ ಕೇಳಬೇಕು.

7

ಬ್ರೌನ್ ಬಿಟ್ಟುಹೋದ ಜಾಗದಲ್ಲಿ ಇವತ್ತು ಓಡುತ್ತಿರುವವರ ಸ್ಥಿತಿ ಏನು? ಪದೇ ಪದೇ ತಲೆಗೆ ಬೀಳುವ ಪೆಟ್ಟು ಮಿದುಳನ್ನು ಕೊಳೆಸುತ್ತೆ ಅನ್ನೋದು ಈ ಶತಮಾನದ ಆರಂಭದಿಂದ ಬಯಲಾಗುತ್ತ ಬಂತು. 2013ರಲ್ಲಿ ಲೀಗಿಗೂ ಮಾಜಿ ಆಟಗಾರರಿಗೂ ಪರಿಹಾರದ ಒಪ್ಪಂದ ಆಯಿತು. ಆ ಪರಿಹಾರಕ್ಕೆ ಮಿದುಳಿನ ಶಕ್ತಿ ಎಷ್ಟು ಕುಂದಿದೆ ಅಂತ ಪರೀಕ್ಷೆ ಮಾಡಬೇಕು. ಪರೀಕ್ಷೆಯ ಅಂಕ ತಿದ್ದುವಾಗ ವೈದ್ಯರು ಬಳಸಿದ ಒಂದು ಪದ್ಧತಿಯ ಪ್ರಕಾರ ಕಪ್ಪು ಮನುಷ್ಯನ ಬುದ್ಧಿ ಮೊದಲಿಂದಲೇ ಕಡಿಮೆ ಮಟ್ಟದ್ದು ಅಂತ ಹಿಡಿಯಬೇಕು! ಅಂದರೆ ಬಿಳಿಯನೂ ಕರಿಯನೂ ಒಂದೇ ಅಂಕ ತೆಗೆದರೆ ಬಿಳಿಯನಿಗೆ ನಷ್ಟವಾಗಿದೆ, ಕರಿಯನಿಗೆ ಏನೂ ಆಗಿಲ್ಲ. 2020ರಲ್ಲಿ ಇಬ್ಬರು ಕಪ್ಪು ಆಟಗಾರರು ಇದರ ವಿರುದ್ಧ ಕೋರ್ಟಿಗೆ ಹೋದರು. ಅವರಲ್ಲಿ ನಾಜೆ ಡೇವನ್‌ಪೋರ್ಟ್ ರನ್ನಿಂಗ್ ಬ್ಯಾಕ್ ಆಗಿದ್ದವನು. 2021ರಲ್ಲಿ ಲೀಗ್ ಈ ಪದ್ಧತಿ ಬಿಡಲು ಒಪ್ಪಿತು. ಮೈದಾನದಲ್ಲಿ ಯೋಚಿಸಲು ಬಿಡಲಿಲ್ಲ, ಮಿದುಳು ಹೋದ ಮೇಲೆ ಅದು ಇತ್ತೇ ಅಂತ ಕೇಳಿದರು. ಮನುವಿನ ಮೊಮ್ಮಕ್ಕಳು ಬರೀ ಈ ದೇಶದಲ್ಲಿ ಮಾತ್ರ ಇಲ್ಲ.

2023ರ ಬೇಸಿಗೆಯಲ್ಲಿ ಹಲವು ತಂಡಗಳ ರನ್ನಿಂಗ್ ಬ್ಯಾಕ್‌ಗಳು ತಮ್ಮ ಕೆಲಸಕ್ಕೆ ಬೆಲೆಯೇ ಇಲ್ಲದಂತಾಗಿದೆ ಅಂತ ಒಟ್ಟಿಗೆ ಕೂತು ಮಾತಾಡಿದರು. ಮಾಲೀಕರಿಗೆ ಹೊಸ ಹುಡುಗ ಅಗ್ಗಕ್ಕೆ ಸಿಗುತ್ತಾನೆ, ನಾಲ್ಕೈದು ವರ್ಷ ಓಡಿಸಿ ಬಿಸಾಕಬಹುದು. ಬ್ರೌನ್ ತೀರಿಕೊಂಡದ್ದು ಅದೇ ವರ್ಷದ ಮೇ 18ರಂದು, 87ನೇ ವಯಸ್ಸಿನಲ್ಲಿ. ಒಬ್ಬನೇ ನಿಂತು ಗೆದ್ದವನು ಹೋದ ಎರಡು ತಿಂಗಳಿಗೆ ಅವನ ವೃತ್ತಿಯವರು ಒಟ್ಟಿಗೆ ನಿಲ್ಲುವುದು ಹೇಗೆ ಅಂತ ಯೋಚಿಸುತ್ತಿದ್ದರು.

ದಲಿತ ವಿಮರ್ಶೆಗೆ ನಾಯಕರು ಬೇಕೋ ಬೇಡವೋ ಅನ್ನೋ ಚರ್ಚೆ ನಮ್ಮಲ್ಲಿ ಆಗಾಗ ಏಳುತ್ತೆ. ನನಗನ್ನಿಸುವುದು, ಪೂಜೆ ಮಾಡುವವರಿಗೂ ಮೂರ್ತಿ ಒಡೆಯುವವರಿಗೂ ಓದುವ ಕಷ್ಟ ತಪ್ಪಿಹೋಗುತ್ತೆ. ಬ್ರೌನ್‌ನಂಥವರನ್ನು ಓದಬೇಕು. ಬಿದ್ದ ಮೇಲೆ ತನಗೆ ಬೇಕಾದಷ್ಟು ಹೊತ್ತು ತೆಗೆದುಕೊಂಡು ಎದ್ದ ಆ ಮೈಯಿಂದ ಕಲಿಯಬೇಕು. ಅದೇ ಮೈ ಮನೆಗೆ ಹೋಗಿ ಏನು ಮಾಡಿತು ಅನ್ನೋದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ಭಾಷೆ ನಮ್ಮ ವಿಮರ್ಶೆಗೆ ಇನ್ನೂ ಪೂರ್ತಿ ಬಂದಿಲ್ಲ. ನಮ್ಮವರ ಬಗ್ಗೆಯೇ ಹಾಗೆ ಬರೆಯಬೇಕಾಗಿ ಬಂದಾಗ ಕೈ ನಡುಗುತ್ತೆ, ನನಗೂ ನಡುಗಿದೆ. ದೂರದ ಒಬ್ಬನಿಂದ ಶುರು ಮಾಡಿದ್ದೇನೆ. ಹತ್ತಿರದವರ ಸರದಿಯೂ ಬರಬೇಕು, ಅದನ್ನು ನಮ್ಮ ಹೆಣ್ಣುಮಕ್ಕಳು ಬರೆದರೆ ಇನ್ನೂ ಒಳ್ಳೆಯದು.